ಸಂಕಲ್ಪವೂ ಉದ್ಯಾಪನೆಯೂ

ನಮ್ಮ ಹಿರಿಯರು ಆಚರಿಸುತ್ತಿದ್ದ ವ್ರತಗಳಿಗೆ ಎರಡು ತುದಿಗಳಿದ್ದುವು. ಒಂದು ಸಂಕಲ್ಪ, ಇನ್ನೊಂದು ಉದ್ಯಾಪನೆ. ಇಷ್ಟು ದಿನ, ಇಷ್ಟು ವಾರ ಅಥವಾ ಇಷ್ಟು ವರ್ಷ ನಡೆಸುತ್ತೇನೆಂದು ಮೊದಲ ದಿನವೇ ನಿಶ್ಚಯಿಸಿ ತೊಡಗುವುದು ಸಂಕಲ್ಪ. ಆ ಅವಧಿ ತುಂಬಿದಾಗ, ತುಂಬಿತೆಂದು ನಾಲ್ಕು ಜನರ ಎದುರಿನಲ್ಲಿ ಒಪ್ಪಿ, ಅನ್ನವನ್ನೋ ಬಾಗಿನವನ್ನೋ ಕೊಟ್ಟು ಮುಗಿಸುವುದು ಉದ್ಯಾಪನೆ. ನಡುವೆ ಕೈಬಿಟ್ಟರೆ ವ್ರತಭಂಗ. ಉದ್ಯಾಪನೆ ಮಾಡಿ ನಿಲ್ಲಿಸಿದರೆ ಅದು ಭಂಗವಲ್ಲ, ವ್ರತದ ಪೂರ್ಣತೆ. ನಿಲ್ಲಿಸುವುದಕ್ಕೂ ಬಿಟ್ಟುಬಿಡುವುದಕ್ಕೂ ಇರುವ ಈ ಅಂತರವನ್ನು ಅಕ್ಷರ ಬಾರದ ಗೃಹಿಣಿಯೂ ಬಲ್ಲವಳಾಗಿದ್ದಳು.

ಇಂದು ವ್ರತಗಳು ಕಡಮೆಯಾಗಿ, ಅವುಗಳ ಸ್ಥಾನಕ್ಕೆ ಬೇರೊಂದು ಬಗೆಯ ಸಾಧನೆ ಬಂದಿದೆ. ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳುವುದು, ಒಂದೇ ವಸ್ತುವಿನಲ್ಲಿ ಚಿತ್ತವನ್ನು ನಿಲ್ಲಿಸುವುದು, ಮನಸ್ಸಿನಲ್ಲಿ ಏಳುವ ವಿಚಾರಗಳನ್ನು ಸಾಕ್ಷಿಯಂತೆ ನೋಡುವುದು, ನೆನಪಿನ ಶಕ್ತಿಯನ್ನು ಬೆಳೆಸಿಕೊಳ್ಳುವುದು ಮೊದಲಾದ ಮನಸ್ಸಿನ ಅಭ್ಯಾಸಗಳವು. ಇವನ್ನು ಕಲಿಸಲು ಗುರುವಿನ ಮನೆಗೆ ಹೋಗಬೇಕಾಗಿಲ್ಲ. ಅಂಗಡಿಯಲ್ಲಿ ಪುಸ್ತಕ ಸಿಕ್ಕುತ್ತದೆ. ಕೈಯಲ್ಲಿರುವ ಫೋನಿನಿಂದ ಮೃದುವಾದ ಧ್ವನಿಯೊಂದು ‘ಕಣ್ಣು ಮುಚ್ಚಿ’ ಎಂದು ಹೇಳುತ್ತದೆ. ತೊಡಗುವುದು ಬಹು ಸುಲಭವಾಯಿತು. ಆದರೆ ಆ ಪುಸ್ತಕವಾಗಲಿ ಆ ಧ್ವನಿಯಾಗಲಿ ಎದುರಿಗೆ ಕುಳಿತವನ ಮುಖವನ್ನು ಕಾಣಲಾರದು. ‘ಇಂದಿಗೆ ಸಾಕು, ಏಳು’ ಎಂದೋ ‘ಇನ್ನು ಸ್ವಲ್ಪ ತಾಳು’ ಎಂದೋ ಅವನ ಸ್ಥಿತಿಯನ್ನು ಕಂಡು ಹೇಳುವವರಿಲ್ಲ. ಸಂಕಲ್ಪ ಉಳಿಯಿತು, ಉದ್ಯಾಪನೆ ಕಳೆದುಹೋಯಿತು.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲವೆಂಬುದು ಪಾಠ ಹೇಳುವ ನನ್ನಂಥವರಿಗೆ ದಿನದಿನವೂ ತಿಳಿಯುತ್ತಿದೆ. ಪರೀಕ್ಷೆಯ ಭಯಕ್ಕೆ ಮದ್ದೆಂದು ಇಂಥ ಅಭ್ಯಾಸಕ್ಕೆ ತೊಡಗುವ ವಿದ್ಯಾರ್ಥಿಗಳು ಈಗ ವಿರಳರಲ್ಲ. ರಾಮನಗರದ ಬಳಿಯ ಕೂಟಗಲ್ಲಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಕೆಲವು ಕಾಲದ ಹಿಂದೆ ನನ್ನ ಬಳಿಗೆ ಬಂದ. ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಿದ ಉಸಿರಿನ ಧ್ಯಾನವನ್ನು ಎರಡು ಗಂಟೆಯವರೆಗೆ ಬೆಳೆಸಿದ್ದನಂತೆ. ಮೊದಲ ತಿಂಗಳು ಮನಸ್ಸಿಗೆ ಹಿತವಾಯಿತು. ಆಮೇಲೆ ರಾತ್ರಿ ನಿದ್ದೆ ಬಾರದಾಯಿತು, ಪಾಠ ಕೇಳುತ್ತಿರುವಾಗ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳತೊಡಗಿತು, ಊಟ ಬೇಡವೆನಿಸಿತು. ಅವನನ್ನು ಅದಕ್ಕಿಂತ ಹೆಚ್ಚಾಗಿ ಬಾಧಿಸುತ್ತಿದ್ದುದು ಇನ್ನೊಂದು ಸಂಗತಿ: ಈಗ ನಿಲ್ಲಿಸಿದರೆ ಇದುವರೆಗೆ ಮಾಡಿದುದೆಲ್ಲ ವ್ಯರ್ಥವಾಗಿ ಹೋದೀತೆಂಬ ಭಯ. “ನಿಲ್ಲಿಸಲೋ ಮುಂದುವರಿಸಲೋ ತಿಳೀತಿಲ್ಲ ಸಾರ್” ಎಂದ.

ಅವನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆಂದು ನನಗೆ ಗೊತ್ತಿತ್ತು. “ತಟ್ಟೆಯಲ್ಲಿನ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿದರೆ ನಿಮ್ಮ ತಾಯಿ ಏನು ಮಾಡುತ್ತಾರಪ್ಪ?” ಎಂದು ಕೇಳಿದೆ.

“ಯಾಕೆ ನಿಲ್ಲಿಸ್ತು ಅಂತ ಮೊದ್ಲು ನೋಡ್ತಾರೆ ಸಾರ್. ಜ್ವರಕ್ಕೆ ಕೂತೈತೋ, ರೋಗ ಬಂದೈತೋ, ಇಲ್ಲಾ ಹಣ್ಣಾಗೈತೋ ಅಂತ.”

ಈ ಉತ್ತರದಲ್ಲಿ ಅವನ ಪ್ರಶ್ನೆಗೂ ಉತ್ತರವಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಹುಳುಮನೆಯಲ್ಲಿ ಮಾಡುವ ವಿವೇಚನೆಯನ್ನೇ ಮನಸ್ಸಿನ ಅಭ್ಯಾಸದಲ್ಲಿಯೂ ಮಾಡಬೇಕಾಗಿದೆ. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುನ್ನ ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನೇ ನಮ್ಮ ರೈತರು ಜ್ವರವೆಂದು ಕರೆಯುವುದು. ಆಗ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿಕೊಂಡು ಜಪಕ್ಕೆ ಕುಳಿತಂತೆ ಅಲುಗಾಡದೆ ಇರುತ್ತದೆ. ಹೆಚ್ಚುಕಡಮೆ ಒಂದು ಹಗಲು ಒಂದು ರಾತ್ರಿ ಹೀಗೆ ಕಳೆದ ಮೇಲೆ ಹಳೆಯ ಚರ್ಮ ಕಳಚಿ, ಹಸಿವಿನಿಂದ ಎದ್ದು ಮತ್ತೆ ತಿನ್ನತೊಡಗುತ್ತದೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಬಾರದು. ಹಾಕಿದರೆ ಹಾಸು ತೇವವಾಗಿ ರೋಗಕ್ಕೆ ದಾರಿಯಾಗುತ್ತದೆ. ಆದಕಾರಣ ಸುಣ್ಣದ ಪುಡಿ ಉದುರಿಸಿ ಹಾಸನ್ನು ಒಣಗಿಸುತ್ತಾರೆ. ಇದು ಒಂದು ಬಗೆಯ ನಿಲುಗಡೆ.

ಎರಡನೆಯದು ರೋಗದ್ದು. ಸಪ್ಪೆ ರೋಗ ತಗುಲಿದ ಹುಳುವೂ ಸೊಪ್ಪು ಬಿಡುತ್ತದೆ. ಆದರೆ ಅದರ ಮೈ ಮೆತ್ತಗಾಗಿ ಜೋಲುತ್ತದೆ. ಹಾಲುತೊಂಡೆ ಬಂದ ಹುಳು ನೆಲೆಗೊಳ್ಳಲಾರದೆ ತಟ್ಟೆಯ ಅಂಚಿನಲ್ಲಿ ಹರಿದಾಡುತ್ತದೆ. ಇವು ವಿಶ್ರಾಂತಿಯಿಂದ ಎದ್ದು ಬರತಕ್ಕವಲ್ಲ. ಇವನ್ನು ಕೂಡಲೆ ಬೇರ್ಪಡಿಸದಿದ್ದರೆ ತಟ್ಟೆಯೇ ಹಾಳಾಗುತ್ತದೆ.

ಮೂರನೆಯದು ಹಣ್ಣಾದ ಹುಳುವಿನದು. ನಾಲ್ಕನೆಯ ಜ್ವರ ಎದ್ದು, ಹೊಟ್ಟೆಬಾಕನಂತೆ ಕೆಲವು ದಿನ ತಿಂದು, ಒಂದು ದಿನ ಅದು ಮತ್ತೆ ಸೊಪ್ಪಿನಿಂದ ಮುಖ ತಿರುಗಿಸುತ್ತದೆ. ಮೈ ತಿಳಿಯಾಗಿ ಹೊಳೆಯುತ್ತದೆ. ಅದಕ್ಕೆ ಇನ್ನು ಬೇಕಾದುದು ಸೊಪ್ಪಲ್ಲ, ಚಂದ್ರಿಕೆ. ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಅದು ಹಾಸಿನಲ್ಲಿಯೇ ನೂಲು ಬಿಟ್ಟು ರೇಷ್ಮೆ ಕಸದ ಪಾಲಾಗುತ್ತದೆ.

ಹೊರಗಿನಿಂದ ನೋಡುವವನಿಗೆ ಮೂರೂ ಒಂದೇ: ಹುಳು ತಿನ್ನುತ್ತಿಲ್ಲ. ಆದರೆ ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ಬೇರ್ಪಡಿಸಬೇಕು, ಮೂರನೆಯದಕ್ಕೆ ಜಾಗ ಬದಲಿಸಬೇಕು. ಮನಸ್ಸು ಅಭ್ಯಾಸದಿಂದ ಮುಖ ತಿರುಗಿಸಿದಾಗಲೂ ಹೀಗೆಯೇ. ಅದು ಜ್ವರಕ್ಕೆ ಕೂತಿರಬಹುದು, ನೊಂದಿರಬಹುದು, ಇಲ್ಲವೆ ಹಣ್ಣಾಗಿರಬಹುದು. ಮೂರಕ್ಕೂ ಒಂದೇ ಮದ್ದು ಹಾಕುವವನು ಕೆಡುತ್ತಾನೆ.

ಮೊದಲು ಜ್ವರದ ವಿಷಯ. ಯಾವ ಅಭ್ಯಾಸದಲ್ಲಿಯಾದರೂ ಆರಂಭದ ಉತ್ಸಾಹ ಇಳಿದ ಮೇಲೆ ಬೇಸರ ಬರುತ್ತದೆ, ಜಡತೆ ಬರುತ್ತದೆ, ಇದರಿಂದ ಪ್ರಯೋಜನವುಂಟೆ ಎಂಬ ಸಂಶಯ ಬರುತ್ತದೆ. ಪತಂಜಲಿಯು ಯೋಗಸೂತ್ರಗಳಲ್ಲಿ ಚಿತ್ತವನ್ನು ಚೆದರಿಸುವ ಒಂಬತ್ತು ಅಂತರಾಯಗಳನ್ನು ಎಣಿಸುತ್ತಾನೆ. ಜಡತೆ, ಸಂಶಯ, ಆಲಸ್ಯಗಳು ಅವುಗಳಲ್ಲಿ ಸೇರಿವೆ. ಮುಟ್ಟಿದ ನೆಲೆಯಲ್ಲಿ ನಿಲ್ಲಲಾಗದಿರುವುದೂ ಸೇರಿದೆ. ಎಂದರೆ ಇವು ದಾರಿ ತಪ್ಪಿದವನ ಗುರುತುಗಳಲ್ಲ, ದಾರಿ ನಡೆಯುವವರೆಲ್ಲರೂ ದಾಟಬೇಕಾದ ಹಳ್ಳಗಳು. ಬೇಸರವಾಯಿತೆಂದು ಓಡಿಹೋಗುವುದು ತಪ್ಪು. ಬೇಸರವನ್ನು ತುಳಿದು ಎರಡರಷ್ಟು ಹೊತ್ತು ಕುಳಿತುಕೊಳ್ಳುವುದೂ ತಪ್ಪು. ಅದು ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಸುರಿದಂತೆ.

ಬೌದ್ಧರ ವಿನಯಪಿಟಕದಲ್ಲಿ ಸೋಣನೆಂಬ ಭಿಕ್ಷುವಿನ ಕಥೆಯಿದೆ. ಸುಖದಲ್ಲಿ ಬೆಳೆದ ಮನೆಯ ಮಗ. ಅಂಗಾಲು ಒಡೆದು ರಕ್ತ ಸುರಿಯುವವರೆಗೆ ಚಂಕ್ರಮಣದ ಧ್ಯಾನ ಮಾಡಿದ. ಫಲ ಕಾಣಲಿಲ್ಲ, ಮನೆಗೆ ಹಿಂದಿರುಗಿ ದಾನಧರ್ಮ ಮಾಡಿಕೊಂಡಿರುವುದೇ ಲೇಸೆಂದು ಯೋಚಿಸಿದ. ಬುದ್ಧನು ಅವನನ್ನು ಗದರಿಸಲಿಲ್ಲ, ಹುರಿದುಂಬಿಸಲೂ ಇಲ್ಲ. ಸೋಣನು ಹಿಂದೆ ವೀಣೆ ನುಡಿಸುತ್ತಿದ್ದವನು. ತಂತಿ ಅತಿ ಬಿಗಿಯಾದರೆ ನಾದ ಹೇಗಿರುತ್ತಿತ್ತು, ಅತಿ ಸಡಿಲವಾದರೆ ಹೇಗಿರುತ್ತಿತ್ತು ಎಂದಷ್ಟೇ ಕೇಳಿದನು. ಬಿಡುವುದು, ಇನ್ನೂ ಬಿಗಿಯುವುದು ಎಂಬ ಎರಡೇ ದಾರಿಗಳನ್ನು ಕಂಡಿದ್ದ ಸೋಣನಿಗೆ ಹದವೆಂಬ ಮೂರನೆಯ ದಾರಿ ತೆರೆಯಿತು. ಅವನು ಅಭ್ಯಾಸವನ್ನು ಬಿಡಲಿಲ್ಲ, ಶ್ರುತಿ ಮಾಡಿಕೊಂಡ.

ಬಂದಿರುವುದು ಜ್ವರವೆಂದು ತಿಳಿಯುವುದು ಹೇಗೆ? ಹುಳುವಿನಲ್ಲಿ ತಿಳಿಯುವಂತೆಯೇ. ಎರಡು ಮೂರು ದಿನ ಬಿಡುವು ಕೊಟ್ಟರೆ ಹಸಿವು ತಾನಾಗಿ ಮರಳಬೇಕು. ಅಭ್ಯಾಸದ ಹೊತ್ತಿನಲ್ಲಿ ಬೇಸರವಿದ್ದರೂ ಉಳಿದ ದಿನವೆಲ್ಲ ಊಟ, ನಿದ್ದೆ, ಓದು, ಮಾತು ಕೆಡದೆ ಇರಬೇಕು. ಹಾಗಿದ್ದರೆ ಮುಂದುವರಿಸಬಹುದು; ಮುಂದುವರಿಸುವುದು ಒಳ್ಳೆಯದು ಕೂಡ.

ಎರಡನೆಯದು ಬೇರೆಯೇ ಸಂಗತಿ. ಧ್ಯಾನವೆಂದ ಮೇಲೆ ಒಳಿತೇ ಹೊರತು ಕೆಡುಕಿಲ್ಲವೆಂಬ ನಂಬಿಕೆ ಈಗ ಎಲ್ಲೆಲ್ಲಿಯೂ ಹಬ್ಬಿದೆ. ಹಳಬರು ಹಾಗೆ ನಂಬಿರಲಿಲ್ಲ. ಅಂತರಾಯಗಳ ಪಟ್ಟಿಯಲ್ಲಿ ಪತಂಜಲಿ ಮೊದಲು ಎಣಿಸುವುದು ವ್ಯಾಧಿಯನ್ನು. ಅವುಗಳ ಜೊತೆಗೇ ಬರುವ ದುಃಖ, ಮನಸ್ಸಿನ ಕುಗ್ಗು, ಅಂಗಗಳ ನಡುಕ, ಉಸಿರಿನ ಏರುಪೇರುಗಳನ್ನೂ ಅವನು ಹೇಳುತ್ತಾನೆ. ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನು ಪ್ರಾಣಾಯಾಮವನ್ನು ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಕೆಲಸಕ್ಕೆ ಹೋಲಿಸಿ, ಮೆಲ್ಲಮೆಲ್ಲನೆ ನಡೆಯದಿದ್ದರೆ ಅದು ಸಾಧಕನನ್ನೇ ಕೊಂದೀತೆಂದು ಎಚ್ಚರಿಸುತ್ತಾನೆ. ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆನೋವುಗಳನ್ನು ತಪ್ಪಿದ ಅಭ್ಯಾಸದ ಫಲವೆಂದು ಹೆಸರಿಸುತ್ತಾನೆ.

ಜಪಾನಿನ ಝೆನ್ ಗುರು ಹಾಕುಯಿನ್ (1686–1769) ತರುಣನಾಗಿದ್ದಾಗ ಧ್ಯಾನದ ಅತಿರೇಕದಿಂದ ಕಾಯಿಲೆ ಬಿದ್ದುದನ್ನು ತಾನೇ ಬರೆದಿಟ್ಟಿದ್ದಾನೆ. ಕಾಲುಗಳು ಮಂಜಿನಲ್ಲಿ ಅದ್ದಿದಂತೆ ತಣ್ಣಗಾದುವು. ಕಿವಿಯಲ್ಲಿ ಹೊಳೆ ಹರಿಯುವಂತಹ ಮೊರೆತ. ಸಣ್ಣ ಕೆಲಸಕ್ಕೂ ಅಂಜಿಕೆ. ಬೆಟ್ಟದ ಗುಹೆಯಲ್ಲಿದ್ದ ವೃದ್ಧನೊಬ್ಬನನ್ನು ಹುಡುಕಿಕೊಂಡು ಹೋಗಿ, ಅವನು ಕಲಿಸಿದ ಬೇರೆಯೇ ಕ್ರಮದಿಂದ ಚೇತರಿಸಿಕೊಂಡುದಾಗಿ ಹೇಳುತ್ತಾನೆ. ಮುಂದೆ ಆ ಪರಂಪರೆಯ ದೊಡ್ಡ ಆಚಾರ್ಯನಾದವನೇ ಒಂದು ಘಟ್ಟದಲ್ಲಿ ನಿಲ್ಲಿಸಬೇಕಾಗಿ ಬಂದಿತ್ತೆಂಬುದನ್ನು ‘ನಿಲ್ಲಿಸಿದರೆ ಎಲ್ಲ ವ್ಯರ್ಥ’ವೆಂದು ಹೆದರುವವರು ನೆನಪಿಡಬೇಕು.

ಇತ್ತೀಚಿನ ಸಂಶೋಧನೆಯೂ ಇದನ್ನು ಪುಷ್ಟೀಕರಿಸುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಲಿಂಡಾಲ್, ಬ್ರಿಟನ್ ಮೊದಲಾದವರು ಬೌದ್ಧ ಧ್ಯಾನವನ್ನು ಅಭ್ಯಾಸ ಮಾಡುವವರನ್ನೂ ಕಲಿಸುವವರನ್ನೂ ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಯ, ನಿದ್ರಾನಾಶ, ತಾನು ತನ್ನಿಂದ ಬೇರಾದಂತಹ ಅನುಭವ ಮೊದಲಾದುವು ದಾಖಲಾಗಿವೆ. 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2020ರ ಒಂದು ಸಮೀಕ್ಷೆಯ ಪ್ರಕಾರ ಧ್ಯಾನ ಮಾಡುವವರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಇಂಥ ಅಹಿತ ಪರಿಣಾಮಗಳುಂಟಾಗುತ್ತವೆ. ಇದರಿಂದ ಧ್ಯಾನವೇ ಕೆಟ್ಟುದೆಂದು ಸಿದ್ಧವಾಗುವುದಿಲ್ಲ. ಔಷಧಿಯಂತೆ ಅದಕ್ಕೂ ಪ್ರಮಾಣವುಂಟು, ಪಥ್ಯವುಂಟು ಎಂದಷ್ಟೇ ತಿಳಿಯುತ್ತದೆ.

ಆದುದರಿಂದ ನಿದ್ದೆ ಹಲವು ರಾತ್ರಿ ಕೆಟ್ಟರೆ, ಅಭ್ಯಾಸದ ಹೊತ್ತಿನಲ್ಲಿ ಎದ್ದ ಭಯ ಹಗಲಿನ ಕೆಲಸಕ್ಕೂ ಹಿಂಬಾಲಿಸಿದರೆ, ಸುತ್ತಲಿನ ಜಗತ್ತು ಸುಳ್ಳೆನಿಸತೊಡಗಿದರೆ, ಇಲ್ಲದ ಧ್ವನಿ ಕೇಳಿಸಿದರೆ, ಬದುಕು ಬೇಡವೆಂಬ ಯೋಚನೆ ಬಂದರೆ, ಅಲ್ಲಿ ತಾಳ್ಮೆ ಗುಣವಲ್ಲ. ಕೂಡಲೆ ನಿಲ್ಲಿಸಬೇಕು, ಮನೆಯವರಿಗೆ ಹೇಳಬೇಕು, ವೈದ್ಯರನ್ನು ಕಾಣಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಯಾರಾದರೂ ಕರೆಮಾಡಬಹುದು. ವಿದ್ಯಾರ್ಥಿಗಳಿಗೆ ಈ ಸಂಖ್ಯೆಯನ್ನು ತಿಳಿಸಿಡುವುದು ಉಪಾಧ್ಯಾಯರ ಕರ್ತವ್ಯಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ನನ್ನ ವಿದ್ಯಾರ್ಥಿಯ ಸ್ಥಿತಿ ಈ ಎರಡನೆಯ ಬಗೆಯದೆಂದು ಅವನಿಗೇ ಹೊಳೆಯಿತು. ಅವನು ಅಭ್ಯಾಸವನ್ನು ನಿಲ್ಲಿಸಿ, ತಾಯಿಯೊಡನೆ ವೈದ್ಯರಲ್ಲಿಗೆ ಹೋದ. ನಿದ್ದೆ ಮರಳಿದ ಮೇಲೆ, ಧ್ಯಾನದ ಯೋಚನೆಯನ್ನು ಪರೀಕ್ಷೆಯ ಆಚೆಗೆ ಇಟ್ಟ.

ಇನ್ನು ಮೂರನೆಯದು, ಹಣ್ಣಾಗುವುದು. ಇದನ್ನು ಗುರುತಿಸುವವರು ಇನ್ನೂ ಕಡಮೆ. ಅಭ್ಯಾಸ ಚೆನ್ನಾಗಿ ಸಾಗುತ್ತಿದೆ, ತೊಂದರೆಯೇನೂ ಇಲ್ಲ. ಆದರೂ ಅದಕ್ಕೆ ತೊಡಗಿದ ಉದ್ದೇಶ ಎಂದೋ ಕೈಗೂಡಿದೆ. ಆಗ ಆಸನವನ್ನು ಬಿಟ್ಟೇಳದವನಿಗೆ ಸಾಧನವೇ ಸಾಧ್ಯವಾಗಿಬಿಡುತ್ತದೆ. ನಮ್ಮ ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗ ಬರುತ್ತದೆ. ಯೋಗದಿಂದ ದೇಹವನ್ನು ವಜ್ರದಂತೆ ಮಾಡಿಕೊಂಡವನು ಗೋರಕ್ಷ. ಅಲ್ಲಮನ ಕೈಗೆ ಕತ್ತಿ ಕೊಟ್ಟು ಹೊಡೆಯೆಂದ. ಹೊಡೆದರೆ ಖಣಿಲೆಂಬ ಸದ್ದಾಯಿತೇ ಹೊರತು ದೇಹಕ್ಕೆ ಏನೂ ಆಗಲಿಲ್ಲ. ಬಳಿಕ ಗೋರಕ್ಷನು ಅಲ್ಲಮನನ್ನು ಹೊಡೆದ. ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಗೋರಕ್ಷನ ಸಾಧನೆ ಸುಳ್ಳಲ್ಲ. ಆದರೆ ಅದು ಹಾಸಿನಲ್ಲಿಯೇ ಬಿಟ್ಟ ನೂಲು. ಗಟ್ಟಿಯಾಗುವುದನ್ನು ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯದ ಕಾರಣ, ಬಿಡುಗಡೆಗೆಂದು ಹಿಡಿದ ದಾರಿ ಹೊಸದೊಂದು ಕವಚವಾಯಿತು.

ನಿಲ್ಲುವ ಎಡೆಯನ್ನು ಕೈಗೇ ತಿಳಿಸುವ ಉಪಾಯವನ್ನು ಜಪಮಾಲೆಯಲ್ಲಿ ಕಾಣಬಹುದು. 108 ಮಣಿಗಳಾದ ಮೇಲೆ ಮೇರುಮಣಿ ಬೆರಳಿಗೆ ತಾಕುತ್ತದೆ. ಅದನ್ನು ದಾಟುವಂತಿಲ್ಲ, ನಿಲ್ಲಿಸಬೇಕು, ಇಲ್ಲವೆ ಮಾಲೆಯನ್ನು ತಿರುಗಿಸಿ ಹೊಸದಾಗಿ ತೊಡಗಬೇಕು. ಜೈನರ ಸಾಮಾಯಿಕಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷಗಳ ಅವಧಿ. ಅಷ್ಟಾವಧಾನದಲ್ಲಿ ಪದ್ಯದ ಒಂದೊಂದು ಪಾದ ಒಂದೊಂದು ಸುತ್ತಿಗೆ. ನಾಲ್ಕು ಸುತ್ತು ಮುಗಿದು ಧಾರಣವಾಯಿತೆಂದರೆ ಅವಧಾನಿ ಎದ್ದನೆಂದೇ. ಹೀಗೆ ಎಷ್ಟು ಹೊತ್ತು ಎಂಬ ಪ್ರಶ್ನೆಯನ್ನು ಕುಳಿತ ಮೇಲಿನ ಉತ್ಸಾಹಕ್ಕಾಗಲಿ ಬೇಸರಕ್ಕಾಗಲಿ ಬಿಡದೆ, ಕುಳಿತುಕೊಳ್ಳುವುದಕ್ಕೆ ಮೊದಲೇ ತೀರ್ಮಾನಿಸಿಡುತ್ತಿದ್ದರು.

ಇಲ್ಲಿ ಒಂದು ತೊಡಕು ಏಳುತ್ತದೆ. ಜ್ವರವೋ ರೋಗವೋ ಹಣ್ಣೋ ಎಂದು ತಟ್ಟೆಯನ್ನು ನೋಡಿ ಹೇಳುವವರು ರೈತರು. ಹುಳು ತನ್ನನ್ನು ತಾನು ನೋಡಿಕೊಂಡು ಹೇಳುವುದಿಲ್ಲ. ತಾನೇ ಶಿಷ್ಯನೂ ತಾನೇ ಗುರುವೂ ಆದವನು ಏನು ಮಾಡಬೇಕು?

ಇದಕ್ಕೆ ಬಾಹುಬಲಿಯ ಕಥೆಯನ್ನು ನೆನೆಯಬಹುದು. ಅಣ್ಣನಾದ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನು ತೊರೆದು, ಒಂದು ವರ್ಷ ಕದಲದೆ ನಿಂತ ತಪಸ್ವಿ. ಕಾಲಬಳಿ ಹುತ್ತ ಬೆಳೆಯಿತು, ತೊಡೆತೋಳುಗಳಿಗೆ ಬಳ್ಳಿ ಹಬ್ಬಿತು. ಶ್ರವಣಬೆಳಗೊಳದ ಸುಮಾರು 58 ಅಡಿ ಎತ್ತರದ ವಿಗ್ರಹದಲ್ಲಿ ಆ ಬಳ್ಳಿಯನ್ನೂ ಹುತ್ತವನ್ನೂ ಶಿಲ್ಪಿ ಮರೆಯದೆ ಬಿಡಿಸಿದ್ದಾನೆ. ಇಷ್ಟಾದರೂ ಕೇವಲಜ್ಞಾನ ಬರಲಿಲ್ಲ. ತಾನು ನಿಂತಿರುವುದು ಭರತನ ನೆಲವೆಂಬ ಸಣ್ಣ ಮುಳ್ಳೊಂದು ಒಳಗೆ ಉಳಿದಿತ್ತೆಂದು ನಮ್ಮಲ್ಲಿ ಬಳಕೆಯಲ್ಲಿರುವ ಕಥೆ ಹೇಳುತ್ತದೆ. ಇನ್ನೊಂದು ವರ್ಷ ನಿಂತಿದ್ದರೂ ಅದು ಹೋಗುತ್ತಿರಲಿಲ್ಲ. ಭರತನೇ ಬಂದು ನಮಸ್ಕರಿಸಿದಾಗ ಹೋಯಿತು. ಶ್ವೇತಾಂಬರರ ಪಾಠದಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆಯಿಂದ ಇಳಿಯೆಂದು ಎಚ್ಚರಿಸುತ್ತಾರೆ. ಏರಿದ್ದ ಆನೆ ಅಭಿಮಾನವೆಂದು ಅವನಿಗೆ ಆಗ ತಿಳಿಯುತ್ತದೆ. ಎರಡು ಪಾಠಗಳಲ್ಲಿಯೂ ಒಂದು ಅಂಶ ಸಮಾನ. ಅಷ್ಟು ದೊಡ್ಡ ಸಾಧಕನ ಒಳಗಣ ಮುಳ್ಳನ್ನು ಕಳೆಯಲು ಹೊರಗಿನ ಒಬ್ಬರು, ಅದೂ ಮನೆಯವರೇ, ಬರಬೇಕಾಯಿತು.

ಒಬ್ಬನೇ ಅಭ್ಯಾಸ ಮಾಡುವವನಿಗೆ ಗುರು ದೊರಕದಿರಬಹುದು. ತನ್ನನ್ನು ದಿನವೂ ನೋಡುವ ಒಬ್ಬರಾದರೂ ಇರುತ್ತಾರೆ: ತಾಯಿ, ಹೆಂಡತಿ, ಗೆಳೆಯ, ಕೋಣೆಯ ಸಂಗಾತಿ. ‘ನಾನು ಇದಕ್ಕೆ ತೊಡಗಿದ ಮೇಲೆ ಹೇಗಿದ್ದೇನೆ?’ ಎಂದು ಅವರನ್ನು ಕೇಳಬಹುದು. ‘ಮೊದಲಿಗಿಂತ ಸಿಡುಕು ಕಡಮೆಯಾಗಿದೆ’ ಎಂದರೆ ಒಂದು ಲೆಕ್ಕ. ‘ನೀನು ನಮ್ಮ ಜೊತೆ ಮಾತಾಡಿ ಎಷ್ಟು ದಿನವಾಯಿತು’ ಎಂದರೆ ಇನ್ನೊಂದು ಲೆಕ್ಕ. ಕಣ್ಣು ಮುಚ್ಚಿ ಕಂಡ ಬೆಳಕಿಗಿಂತ ಈ ಸಾಕ್ಷಿ ಹೆಚ್ಚು ನಂಬತಕ್ಕದ್ದು.

ಹಾಗಾದರೆ ತೊಡಗುವವರು ಹೀಗೆ ತೊಡಗಲಿ. ದಿನಕ್ಕೆ ಎಷ್ಟು ನಿಮಿಷ, ಒಟ್ಟು ಎಷ್ಟು ದಿನ ಎಂಬುದನ್ನು ಮೊದಲೇ ಬರೆದಿಡಲಿ. ನಮ್ಮವರಿಗೆ ಪರಿಚಿತವಾದ 48 ದಿನಗಳ ಮಂಡಲವೇ ಆದೀತು. ಚೆನ್ನಾಗಿ ನಡೆಯಿತೆಂದು ಹೊತ್ತು ಹೆಚ್ಚಿಸುವುದೂ ಬೇಡ, ಬೇಸರವಾಯಿತೆಂದು ಮುರಿಯುವುದೂ ಬೇಡ. ಮೇಲೆ ಹೇಳಿದ ರೋಗದ ಗುರುತು ಕಂಡರೆ ಮಾತ್ರ ಅಂದೇ ನಿಲ್ಲಿಸಲಿ. ಕಾಯಿಲೆಗೆ ವ್ರತಭಂಗದ ದೋಷವಿಲ್ಲ. ಅವಧಿ ಮುಗಿದ ದಿನ ನಿಜವಾಗಿಯೂ ನಿಲ್ಲಿಸಿ ಕೆಲವು ದಿನ ಸುಮ್ಮನಿದ್ದು ನೋಡಲಿ. ಹಸಿವು ಮರಳಿದರೆ ಹೊಸ ಸಂಕಲ್ಪ. ಮರಳದೆ, ಮನಸ್ಸು ತಿಳಿಯಾಗಿಯೇ ಉಳಿದು ಕೆಲಸದಲ್ಲಿ ನೆಲಸಿದರೆ, ಹುಳು ಹಣ್ಣಾಯಿತೆಂದು ತಿಳಿದು ಸಂತೋಷದಿಂದ ಮುಗಿಸಲಿ. ನಿಲ್ಲಿಸುವುದಕ್ಕೆ ಭಯವಾದರೆ, ಆ ಭಯವೇ ನಿಲ್ಲಿಸಲು ಸಾಕಾದ ಕಾರಣ. ಒಂದು ವಾರ ಬಿಟ್ಟಿರಲು ಬಿಡದ ಅಭ್ಯಾಸ ಸಾಧನೆಯಾಗಿ ಉಳಿದಿಲ್ಲ, ಚಟವಾಗಿದೆ.

ಉದ್ಯಾಪನೆಯ ದಿನ ವ್ರತ ಹಿಡಿದವಳು ತಾನೊಬ್ಬಳೇ ಊಟಕ್ಕೆ ಕೂರುತ್ತಿರಲಿಲ್ಲ. ಎಲೆ ಹಾಕಿ ಬಂದವರಿಗೆ ಬಡಿಸುತ್ತಿದ್ದಳು. ಅವಳ ಉಪವಾಸದ ಫಲವನ್ನು ಮೊದಲು ಉಣ್ಣುತ್ತಿದ್ದವರು ಇತರರು. ಏಕಾಂತದಲ್ಲಿ ಮಾಡಿದ ಅಭ್ಯಾಸವೂ ಫಲಿಸಿತೋ ಇಲ್ಲವೋ ಎಂಬುದು ತಿಳಿಯುವುದು ಕುಳಿತೆದ್ದ ಮೇಲೆ, ಪಂಕ್ತಿಯಲ್ಲಿ ಕುಳಿತವರ ಎಲೆಗೆ ಏನು ಬಿದ್ದಿತೆಂಬುದರಿಂದ.